ಕಾಲುಚೀಲದವರ ದಾಖಲೆ

ಕುರ್ಚಿಗೆ ಕಾಲುಗಳಿವೆ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಆ ಕಾಲುಗಳಿಗೆ ಕಾಲುಚೀಲ ಬೇಕು ಎಂಬುದು ಮಾತ್ರ ತಮಗೊಬ್ಬರಿಗೇ ಹೊಳೆದದ್ದು ಎಂದು ನಮ್ಮ ಕಥಾನಾಯಕರು ನಂಬಿಕೊಂಡಿದ್ದರು. ಅವರು ಪೀಠೋಪಕರಣಗಳ ಅಂಗಡಿಯೊಂದರಲ್ಲಿ ಗಿರಾಕಿಗಳ ದೂರು ಕೇಳುವ ಮೇಜಿನ ಹಿಂದೆ ಕೂರುತ್ತಿದ್ದರು. ಬೆಳಗಿನಿಂದ ಸಂಜೆಯವರೆಗೆ ಒಂದೇ ದೂರು: ಕುರ್ಚಿ ಎಳೆದರೆ ನೆಲ ಗೀರುತ್ತದೆ, ಕಿರ್ರೆನ್ನುತ್ತದೆ, ಕೆಳಗಿನ ಮನೆಯವರು ಕೋಲು ಹಿಡಿದು ಸೂರಿಗೆ ಕುಟ್ಟುತ್ತಾರೆ. ಬೇರೆಯವರಾಗಿದ್ದರೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದರು. ಇವರು ದೂರನ್ನು ಮನೆಗೆ ಹೊತ್ತು ತಂದರು.

ಮನೆಯಲ್ಲಿ ಅತ್ತೆ, ಅಂದರೆ ಹೆಂಡತಿಯ ತಾಯಿ, ಉಣ್ಣೆ ಹೆಣೆಯುತ್ತ ಕೂತಿದ್ದರು. ತಲೆ ಎತ್ತದೆಯೇ, "ಅದಕ್ಕೇನಂತೆ, ಮಗುವಿಗೆ ಹಾಕೋ ಹಾಗೆ ಅದಕ್ಕೂ ಒಂದು ಜೊತೆ ಕಾಲುಚೀಲ ಹಾಕಿ" ಎಂದರು.

"ಒಂದು ಜೊತೆ ಸಾಲಲ್ಲ ಅತ್ತೆ. ಕುರ್ಚಿಗೆ ಎರಡು ಜೊತೆ ಬೇಕು" ಎಂದರು ಅಳಿಯ.

ಮಾತಿನ ಮೊದಲರ್ಧ ಅತ್ತೆಯದು, ಎರಡನೆಯ ಅರ್ಧ ಅಳಿಯನದು. ಮೊದಲರ್ಧವನ್ನು ಅಳಿಯ ಬೇಗ ಮರೆತರು.

ಹೀಗೆ ಶುರುವಾದ ವ್ಯಾಪಾರ ಆನ್‌ಲೈನ್ ಅಂಗಡಿಯೊಂದರಲ್ಲಿ ಜಾಗ ಹಿಡಿಯಿತು. ನಾಲ್ಕು ಕಾಲುಚೀಲಕ್ಕೆ ಒಂದು ಪೊಟ್ಟಣ. ಊಟದ ಮೇಜಿನ ಕುರ್ಚಿಗೆ ಬೇರೆ, ಸೋಫಾಕ್ಕೆ ಬೇರೆ, ಮೂರು ಕಾಲಿನ ಸ್ಟೂಲಿನವರಿಗೆ ಒಂದು ಕಾಲುಚೀಲ ಉಳಿಯುವುದಿಲ್ಲವೇ ಎಂಬ ಚಿಂತೆಯಿಂದ ಅವರಿಗೂ ಬೇರೆ. ಕೆಲವು ಪೊಟ್ಟಣಗಳು ವಾಪಸು ಬಂದವು. ಒಬ್ಬ ಹೆಂಗಸು, ಅವು ನಮ್ಮ ಬೆಕ್ಕಿಗೆ ಸರಿಹೋಗಲಿಲ್ಲ ಎಂದು ಬರೆದಿದ್ದಳು. ಆದರೂ ಮಾರಾಟ ನಡೆಯಿತು. ಬೀದಿಯವರು ಅವರನ್ನು ಕಾಲುಚೀಲದವರು ಎಂದು ಕರೆಯತೊಡಗಿದರು. ಮೊದಮೊದಲು ಅದು ಹಾಸ್ಯಕ್ಕೆ. ಆಮೇಲೆ ಕೊರಿಯರ್‌ನವನೂ ಹಾಗೇ ಕೇಳಿಕೊಂಡು ಬಂದುದರಿಂದ ಅದೇ ಖಾಯಂ ಆಯಿತು.

ಲೆಕ್ಕವೆಲ್ಲ ಅವರ ತಲೆಯಲ್ಲಿತ್ತು. ತಲೆಯಲ್ಲಿ ಹಿಡಿಸದ್ದು ಬಿಸ್ಕತ್ತಿನ ಡಬ್ಬದಲ್ಲಿತ್ತು. ಡಬ್ಬದಲ್ಲಿ ಹಿಡಿಸದ್ದು ಎಲ್ಲಿತ್ತು ಎಂದು ಯಾರೂ ಕೇಳಿರಲಿಲ್ಲ. ಕೈಯಲ್ಲಿ ಉಳಿದ ಹಣವನ್ನು ಮಾತ್ರ ಬ್ಯಾಂಕಿನಲ್ಲಿ ಮುಟ್ಟದೆ ಇಟ್ಟಿದ್ದರು. ಅತ್ತೆಯ ಬೆರಳುಗಳ ಗೆಣ್ಣು ಬೆಳಗ್ಗೆ ಬೆಳಗ್ಗೆ ಮಡಚಲು ಬಾರದಷ್ಟು ಊದಿಕೊಳ್ಳುತ್ತಿತ್ತು. ಅವರಿಗಾಗಿ ಅಳಿಯ ಹೆಣೆಯುವ ಯಂತ್ರವೊಂದನ್ನು ನೋಡಿ ಬಂದಿದ್ದರು. ಅಂಗಡಿಯವನು ಈ ತಿಂಗಳ ಕೊನೆಯವರೆಗೆ ಕಾದಿರುತ್ತೇನೆ ಎಂದಿದ್ದ. ಬ್ಯಾಂಕಿನಲ್ಲಿದ್ದ ಹಣಕ್ಕೂ ಆ ಯಂತ್ರದ ಬೆಲೆಗೂ ಸರಿಯಾಗಿ ತಾಳೆಯಾಗುತ್ತಿತ್ತು. ಒಂದು ಸೂಜಿ ಹೆಚ್ಚಿಲ್ಲ, ಒಂದು ಸೂಜಿ ಕಡಿಮೆಯಿಲ್ಲ.

ಅಷ್ಟರಲ್ಲಿ ಕಂದು ಲಕೋಟೆಯಲ್ಲಿ ತೆರಿಗೆ ಕಚೇರಿಯಿಂದ ಪತ್ರ ಬಂತು. ಹೆಂಡತಿ ಒಡೆದು ಗಟ್ಟಿಯಾಗಿ ಓದಿದಳು: "ಕಳೆದ ಸಾಲಿನಲ್ಲಿ ತಾವು ಆನ್‌ಲೈನ್ ಮುಖಾಂತರ ನಡೆಸಿರುವ ಮಾರಾಟವು ಈ ಕಚೇರಿಯ ವಿಶೇಷ ಗಮನಕ್ಕೆ ಬಂದಿರುತ್ತದೆ. ಸದರಿ ಮಾರಾಟದ ದಾಖಲೆಯ ಸಂಬಂಧ ತಾವು ಬರುವ ಸೋಮವಾರ ಖುದ್ದಾಗಿ ಹಾಜರಾಗತಕ್ಕದ್ದು. ತಪ್ಪಿದಲ್ಲಿ ಮುಂದಿನ ಕ್ರಮ ಜರುಗಿಸಲಾಗುವುದು."

ಕಾಲುಚೀಲದವರ ಮುಖ ಬಿಳಿಚಿಕೊಂಡಿತು. ಸರ್ಕಾರದ ಲಕೋಟೆ ಕಂಡರೆ ತಪ್ಪೊಪ್ಪಿಕೊಂಡು ಬಿಡೋಣ, ತಪ್ಪು ಯಾವುದು ಅಂತ ಆಮೇಲೆ ಹುಡುಕೋಣ ಎನ್ನುವ ಸ್ವಭಾವ ಅವರದು. ಎದುರುಮನೆಯ ಮೇಷ್ಟ್ರ ಬಳಿಗೆ ಓಡಿದರು. ಮೇಷ್ಟ್ರು ನಿವೃತ್ತರು. ಆನ್‌ಲೈನ್ ಅಂಗಡಿಗೆ ಕಾಲುಚೀಲಗಳ ವರ್ಣನೆ ಬರೆದುಕೊಡುತ್ತಿದ್ದವರು ಅವರೇ. 'ನಿಮ್ಮ ಕುರ್ಚಿಯ ಮೌನಕ್ಕೊಂದು ಮೃದು ಸ್ಪರ್ಶ' ಎಂಬ ಸಾಲು ಅವರದು.

ಮೇಷ್ಟ್ರು ಕನ್ನಡಕ ಏರಿಸಿ ಪತ್ರವನ್ನು ಓದಿದರು. ಕನ್ನಡಕ ತೆಗೆದು ಇನ್ನೊಮ್ಮೆ ಓದಿದರು. ಆಮೇಲೆ ಎದ್ದು ನಿಂತು ಕಾಲುಚೀಲದವರ ಕೈ ಕುಲುಕಿದರು.

"ಏನಾಯ್ತು ಮೇಷ್ಟ್ರೇ?"

"ದಾಖಲೆ ಮಾಡಿದ್ದೀರಿ."

"ಯಾರು?"

"ನೀವೇ ಕಣ್ರೀ. ಮಾರಾಟದ ದಾಖಲೆ ಅಂತ ಕಪ್ಪು ಅಕ್ಷರದಲ್ಲಿ ಬರೆದಿದೆ. ವಿಶೇಷ ಗಮನಕ್ಕೆ ಬಂದಿದೆ ಅಂತಲೂ ಇದೆ. ಸರ್ಕಾರದ ವಿಶೇಷ ಗಮನಕ್ಕೆ ಬರೋದು ಅಂದ್ರೆ ಸುಮ್ಮನೆ ಆಯ್ತಾ? ನಾನು ಇಡೀ ಜನ್ಮ ಸರ್ಕಾರಿ ಶಾಲೇಲಿ ದುಡಿದೆ, ಸಾಮಾನ್ಯ ಗಮನಕ್ಕೂ ಬರಲಿಲ್ಲ."

ಹಿಂದೆಯೇ ಬಂದಿದ್ದ ಹೆಂಡತಿ, "ತೆರಿಗೆಯವರಿಗೆ ಇವರ ದಾಖಲೆ ಹೇಗೆ ಗೊತ್ತಾಗುತ್ತೆ ಮೇಷ್ಟ್ರೇ?" ಎಂದಳು.

"ಆಟದಲ್ಲಿ ದಾಖಲೆ ಆಗಿದ್ದು ಮೊದಲು ಯಾರಿಗಮ್ಮ ಗೊತ್ತಾಗೋದು? ಸ್ಕೋರ್ ಬರೆಯೋನಿಗೆ. ಎಲ್ಲರ ಮಾರಾಟ ಎಣಿಸೋರು ಅವರೇ ತಾನೆ."

"ಸನ್ಮಾನಕ್ಕೆ ಕರೆಯೋರು ಹಾಜರಾಗತಕ್ಕದ್ದು ಅಂತ ಬರೀತಾರಾ?"

"ಸರ್ಕಾರಕ್ಕೆ ಪ್ರೀತಿ ಉಕ್ಕಿದ್ರೂ ಅದು 'ತಕ್ಕದ್ದು' ಅಂತಲೇ ಉಕ್ಕೋದು."

"ತಪ್ಪಿದಲ್ಲಿ ಕ್ರಮ ಅಂತಿದೆಯಲ್ಲ?"

ಮೇಷ್ಟ್ರು ಸ್ವಲ್ಪ ಯೋಚಿಸಿದರು. "ನೀವು ಹೋಗದಿದ್ರೆ ಅವರೇ ಮನೆಗೆ ತಂದು ಕೊಡ್ತಾರೆ ಅಂತ ಅರ್ಥ" ಎಂದರು.

ಕಾಲುಚೀಲದವರಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಅವರು ಸಂಜೆ ಕಾಲೇಜಿನಲ್ಲಿ ಓದಿದವರು. ಉತ್ತರ ಸರಿಯಿದ್ದರೂ ಪುಸ್ತಕ ತಿರುವಿ ನೋಡುವ ಅಭ್ಯಾಸ. ಮನೆಗೆ ಬಂದು ಪತ್ರದ ಮೇಲಿದ್ದ ನಂಬರಿಗೆ ಫೋನು ಮಾಡಿದರು. ಹೆಂಡತಿ, ಅತ್ತೆ, ಮೇಷ್ಟ್ರು ಮೂವರೂ ಸುತ್ತ ನಿಂತರು.

"ಸಾರ್, ನನಗೊಂದು ಪತ್ರ ಬಂದಿದೆ. ಮಾರಾಟದ ದಾಖಲೆ ಬಗ್ಗೆ."

ಆ ಕಡೆಯ ಧ್ವನಿ ಪತ್ರದ ಸಂಖ್ಯೆ ಕೇಳಿ, ಏನೋ ಹುಡುಕಿ, "ಹೌದು, ಕಾಲುಚೀಲ. ನಿಮ್ಮದೇ" ಎಂದಿತು.

"ನಮ್ಮದೇ ಅಂತ ಖಾತ್ರಿನಾ ಸಾರ್? ಬೇರೆ ಯಾರದ್ದಾದ್ರೂ ಇರಬಹುದು. ನಾವು ತೀರಾ ಚಿಕ್ಕವರು."

"ಎಲ್ಲರೂ ಹಾಗೇ ಹೇಳೋದು. ನಿಮ್ಮ ಮಾರಾಟ ನೋಡಿದ್ರೆ ಚಿಕ್ಕವರ ಹಾಗೆ ಕಾಣಲ್ಲ."

ಕಾಲುಚೀಲದವರ ಮೈ ಜುಮ್ಮೆಂದಿತು. "ನಾನೊಬ್ಬನೇ ಬರಬೇಕಾ ಸಾರ್, ಇನ್ನೂ ನಾಲ್ಕು ಜನ ಬರಬಹುದಾ?"

"ವ್ಯಾಪಾರಕ್ಕೆ ಸಂಬಂಧಪಟ್ಟವರಿದ್ರೆ ಕರ್ಕೊಂಡು ಬನ್ನಿ. ಅನುಕೂಲಾನೇ."

"ನಾನು ಮಾತಾಡಬೇಕಾಗುತ್ತಾ?"

"ಮತ್ತಿನ್ಯಾರು ಮಾತಾಡ್ತಾರೆ? ಯಾರಿಂದ ಏನು ತಗೊಂಡ್ರಿ, ಹೇಗೆ ಮಾರಿದ್ರಿ, ಎಲ್ಲ ನೀವೇ ಹೇಳಬೇಕು. ಬರ್ಕೊಂಡು ಬನ್ನಿ. ನಮ್ಮ ಮೇಡಂಗೆ ಬರವಣಿಗೇಲಿದ್ರೆ ಇಷ್ಟ."

"ಫೋಟೋ ಇರುತ್ತಾ ಸಾರ್?"

"ಎರಡು ಸಾಕು."

ಫೋನು ಇಟ್ಟು ಕಾಲುಚೀಲದವರು ಅಲ್ಲೇ ಇದ್ದ ಕುರ್ಚಿಯಲ್ಲಿ ಕುಸಿದರು. ಕುರ್ಚಿ ಸದ್ದು ಮಾಡಲಿಲ್ಲ, ಅದಕ್ಕೆ ಕಾಲುಚೀಲವಿತ್ತು. "ಭಾಷಣ ಮಾಡಬೇಕಂತೆ. ಎರಡು ಫೋಟೋ ತೆಗೀತಾರಂತೆ" ಎಂದರು.

ಮಾತು ಬೀದಿಯ ಈ ತುದಿಯಲ್ಲಿ ಹೊರಟು ಆ ತುದಿ ಮುಟ್ಟುವಷ್ಟರಲ್ಲಿ ಇಡೀ ದೇಶದ ದಾಖಲೆಯಾಯಿತು. ವಾಪಸು ಬರುವಾಗ ಪ್ರಪಂಚದ ದಾಖಲೆಯಾಗಿತ್ತು. ಅಂಗಡಿಯ ಯಜಮಾನ ದೂರಿನ ಮೇಜಿನ ಮೇಲೆ ಹೂದಾನಿ ಇಡಿಸಿದ. ದೂರು ಕೊಡಲು ಬಂದವರು ಅಭಿನಂದಿಸಿ ಹೋಗತೊಡಗಿದರು. ಒಬ್ಬನಂತೂ ಮುರಿದ ಸ್ಟೂಲನ್ನು ತಂದದ್ದನ್ನೇ ಮರೆತು ಅಲ್ಲೇ ಬಿಟ್ಟು ಹೋದ.

ಅಂದು ಸಂಜೆ ಮನೆಯ ಮಾಲೀಕರು ಮಹಡಿಯಿಂದ ಇಳಿದು ಬಂದರು. ಬಾಡಿಗೆಯ ದಿನವಲ್ಲದ ದಿನ ಅವರು ಇಳಿದದ್ದು ಅದೇ ಮೊದಲು. ಮೆಟ್ಟಿಲ ಕೆಳಗಿನ ಸಣ್ಣ ಕೋಣೆಯನ್ನು ಅವರು ಉಣ್ಣೆ ಇಡಲು ಬಾಡಿಗೆಗೆ ಕೊಟ್ಟಿದ್ದರು. ಉಣ್ಣೆಯ ಜೂಲು ಮಹಡಿಗೆ ಹಾರಿ ಬರುತ್ತದೆ ಎಂದು ವಾರಕ್ಕೊಮ್ಮೆ ಮೇಲಿನಿಂದಲೇ ಕೂಗಾಡುತ್ತಿದ್ದರು.

"ಜೂಲಿನ ವಿಷಯ ಬಿಡಿ" ಎಂದರು ಅವರು. "ಈ ದಾಖಲೆ ಹುಟ್ಟಿದ್ದು ಎಲ್ಲಿ? ನನ್ನ ಮೆಟ್ಟಿಲ ಕೆಳಗೆ. ಅದನ್ನ ಭಾಷಣದಲ್ಲಿ ಹೇಳ್ತೀರಿ ತಾನೆ?"

"ಖಂಡಿತ ಹೇಳ್ತೀನಿ."

"ಬರೀ 'ಸಹಕರಿಸಿದರು' ಅಂತ ತೇಲಿಸಬೇಡಿ. ಕೋಣೆ ಕೊಟ್ಟಿದ್ದು, ತಿಂಗಳು ತಿಂಗಳೂ ನಾನೇ ಇಳಿದು ಬಂದು ವಿಚಾರಿಸಿಕೊಂಡಿದ್ದು, ಎಲ್ಲ ವಿವರವಾಗಿ ಬರಬೇಕು."

ಅವರು ಏಳುವ ಮೊದಲೇ ಪಕ್ಕದ ಮನೆಯ ಟೈಲರ್ ಬಂದು ನಿಂತಿದ್ದ. ಕಾಲುಚೀಲಗಳ ತಳಕ್ಕೆ ದಪ್ಪ ಬಟ್ಟೆ ಹೊಲಿಯುತ್ತಿದ್ದವನು ಅವನು.

"ಕೋಣೆ ಇಲ್ಲದಿದ್ರೆ ಹೊರಗಿಟ್ಟು ಮಾರಬಹುದಿತ್ತು" ಎಂದ. "ಅಂಗಾಲಿಲ್ಲದ ಕಾಲುಚೀಲ ಯಾರು ತಗೋತಾರೆ ಸ್ವಾಮಿ? ನನ್ನ ಹೆಸರನ್ನ 'ಮತ್ತು ಇತರರು' ಒಳಗೆ ತೂರಿಸಿದ್ರೆ ನಿಮ್ಮ ಪ್ಯಾಂಟಿಗೆ ಮುಂದಿನ ಸಲ ಜಿಪ್ ಹಾಕಲ್ಲ, ನೋಡಿ."

ಮರುದಿನ ಭಾವಮೈದುನ, ಅಂದರೆ ಹೆಂಡತಿಯ ತಮ್ಮ, ಬಂದ. ಗಿರಣಿಯಿಂದ ಉಣ್ಣೆ ಕೊಂಡು ತಂದು ಕೊಡುತ್ತಿದ್ದವನು ಅವನೇ. "ಭಾವ, ನಿಮಗೆ ನಾನು ಯಾವತ್ತಾದ್ರೂ ಏನಾದ್ರೂ ಕೇಳಿದ್ದೀನಾ?" ಎಂದು ಶುರು ಮಾಡಿದ. ಹೀಗೆ ಶುರು ಮಾಡಿದಾಗಲೆಲ್ಲ ಅವನು ಏನಾದರೂ ಕೇಳುವುದು ವಾಡಿಕೆ. "ಮನೆ ಮಾಲೀಕರಿಗೆ ಎರಡು ವಾಕ್ಯವಂತೆ. ನಾನು ನಿಮ್ಮ ಸ್ವಂತ ಭಾವಮೈದುನ. ನನಗೆ ಮೂರಾದ್ರೂ ಬೇಡವಾ? ಎಷ್ಟು ಮೂಟೆ ತಂದೆ, ಎಷ್ಟು ಕಷ್ಟಪಟ್ಟೆ, ಎಲ್ಲ ಹಾಕಿ ಭಾವ. ಜನಕ್ಕೆ ಗೊತ್ತಾಗಲಿ."

ಮೇಷ್ಟ್ರು ತಾವು ಕೇಳುವವರಲ್ಲ ಎಂದರು. ತಮ್ಮ ವರ್ಣನೆಗಳ ಬಗ್ಗೆ ಒಂದು ಪುಟವನ್ನು ತಾವೇ ಬರೆದು ತಂದು ಕೊಟ್ಟರು.

ಇನ್ನು ಕಾಲುಚೀಲದವರ ಪಾಡು. ಸುಳ್ಳು ಹೊಗಳಿಕೆ ಅವರ ಪೆನ್ನಿನಿಂದ ಇಳಿಯದು. ಭಾವಮೈದುನ ಹೇಳಿದಷ್ಟು ಮೂಟೆ ಎಂದು ಬರೆದುಬಿಟ್ಟು, ಮೇಡಂ ಎದುರಿಗೇ ಯಾರಾದರೂ ಅಷ್ಟಲ್ಲ ಎಂದುಬಿಟ್ಟರೆ? ಅವರು ಬಿಸ್ಕತ್ತಿನ ಡಬ್ಬವನ್ನು ನೆಲದ ಮೇಲೆ ಸುರಿದರು. ಕೋಟಿನ ಜೇಬುಗಳನ್ನು ಮಗುಚಿದರು. ಉಣ್ಣೆಯ ಮೂಟೆಗಳೊಳಗೆ ಕೈ ಹಾಕಿ ಗಿರಣಿಯ ಬಿಲ್ಲುಗಳನ್ನು ಎಳೆದರು. ಫೋನಿನಲ್ಲಿ ಹಣ ಕಳಿಸಿದ ಮೆಸೇಜುಗಳನ್ನು ಹಿಂದು ಹಿಂದಕ್ಕೆ ಸರಿಸಿ ನೋಡಿದರು. ಯಾರಿಗೆ, ಯಾವಾಗ, ಏಕೆ, ಎಷ್ಟು ಕೊಟ್ಟದ್ದು ಎಂಬುದು ತಿಳಿದ ಮೇಲೆಯೇ ಅವರಿಗೆ ಕೃತಜ್ಞತೆ ಸಲ್ಲಿಸುವುದು ಎಂದು ನಿಶ್ಚಯಿಸಿದರು.

ಹೆಂಡತಿ ಕಾಗದಗಳ ನಡುವೆ ಹೆಜ್ಜೆಯಿಡಲು ಜಾಗ ಹುಡುಕುತ್ತ, "ವಂದನಾರ್ಪಣೆಗೆ ಯಾರಾದ್ರೂ ರಸೀದಿ ಲಗತ್ತಿಸ್ತಾರೇನ್ರೀ?" ಎಂದಳು.

"ನಾಳೆ ಯಾರಾದ್ರೂ ಕೇಳಿದ್ರೆ?"

"ಚಪ್ಪಾಳೆ ತಟ್ಟೋರು ಯಾಕೆ ಕೇಳ್ತಾರೆ?"

"ಕೇಳಿದ್ರೆ?"

ಅತ್ತೆ ಮೂಲೆಯಲ್ಲಿ ಹೆಣೆಯುತ್ತಿದ್ದರು. ನಡುನಡುವೆ ಕಡ್ಡಿ ಕೆಳಗಿಟ್ಟು ಬೆರಳು ನೀವಿಕೊಳ್ಳುತ್ತಿದ್ದರು. ಅವರು ಏನನ್ನೂ ಕೇಳಲಿಲ್ಲ. ಅದರಿಂದಲೋ ಏನೋ, ಭಾಷಣ ಪುಟದಿಂದ ಪುಟಕ್ಕೆ ಬೆಳೆದು ಕೈತುಂಬ ಆದರೂ ಅವರ ಹೆಸರು ಯಾವ ಪುಟದಲ್ಲೂ ಬರಲಿಲ್ಲ.

ಸೋಮವಾರ ಬಾಡಿಗೆ ವ್ಯಾನಿನಲ್ಲಿ ಎಲ್ಲರೂ ಹೊರಟರು. ಮಾಲೀಕರು ಕೋಟು ಹಾಕಿದ್ದರು. ಮೇಷ್ಟ್ರ ಕೈಯಲ್ಲಿ ಹೂಗುಚ್ಛವಿತ್ತು. ಟೈಲರ್ ತಾನೇ ಹೊಲಿದ ಹೊಸ ಶರ್ಟಿನಲ್ಲಿ, ಎಲ್ಲಿ ಸುಕ್ಕಾದೀತೋ ಎಂದು ಒರಗದೆ ಕೂತಿದ್ದ. ದಾಖಲೆಯ ಪ್ರಮಾಣಪತ್ರವನ್ನು ಯಾವ ಗೋಡೆಗೆ ಹಾಕಬೇಕು ಎಂಬ ಬಗ್ಗೆ ದಾರಿಯುದ್ದಕ್ಕೂ ಚರ್ಚೆಯಾಯಿತು. ಗೋಡೆ ನನ್ನದು, ಮೊಳೆ ಹೊಡೆಯುವ ಮುಂಚೆ ಕೇಳಬೇಕು ಎಂದರು ಮಾಲೀಕರು.

ತೆರಿಗೆ ಕಚೇರಿಯ ಅಟೆಂಡರ್ ಇಷ್ಟು ಖುಷಿಯಿಂದ ಒಳಗೆ ಬಂದವರನ್ನು ಹಿಂದೆ ನೋಡಿರಲಿಲ್ಲ. ವಿಳಾಸ ತಪ್ಪಿ ಬಂದಿರಬೇಕೆಂದು ಎರಡು ಸಲ ಪತ್ರ ಕೇಳಿ ನೋಡಿದ. ಆಮೇಲೆ ಒಂದು ಕೋಣೆಗೆ ಬಿಟ್ಟ. ವೇದಿಕೆಯಿರಲಿಲ್ಲ. ಮೈಕ್ ಇರಲಿಲ್ಲ. ಒಂದು ಮೇಜು, ಮೇಜಿನ ಮೇಲೆ ಕಡತಗಳ ಗುಡ್ಡೆ, ಗುಡ್ಡೆಯ ಹಿಂದೆ ಒಬ್ಬ ಮೇಡಂ. ಕುಳಿತುಕೊಳ್ಳಿ ಎನ್ನಲು ಅವರು ಕುರ್ಚಿ ಹಿಂದಕ್ಕೆ ಸರಿಸಿದರು. ಕುರ್ಚಿ ಕಿರ್ರ್ ಎಂದು ಅರಚಿತು.

ಆ ಸದ್ದಿಗೆ ಕಾಲುಚೀಲದವರ ಮೈಯೆಲ್ಲ ಮುದುಡಿತು. ಮರುಕ್ಷಣ ಅವರು ಮೇಜಿನ ಕೆಳಗಿದ್ದರು.

"ಏನ್ರೀ ಮಾಡ್ತಿದ್ದೀರಾ ಅಲ್ಲಿ?"

"ಅಳತೆ ತಗೋತಿದ್ದೀನಿ ಮೇಡಂ" ಎಂದಿತು ಮೇಜಿನ ಕೆಳಗಿನ ಧ್ವನಿ. "ಮಧ್ಯಮ ಸೈಜು. ಜೇಬಲ್ಲೇ ಇದೆ. ನಮ್ಮ ಕಡೆಯಿಂದ ಒಂದು ಸಣ್ಣ ಕಾಣಿಕೆ."

"ಎದ್ದು ಬನ್ನಿ. ಕಾಣಿಕೆ ಗೀಣಿಕೆ ಇಲ್ಲಿ ಕೊಡಬಾರದು, ತಗೋಬಾರದು. ಆ ಹೂವನ್ನೂ ಹೊರಗಿಡಿ." ಅವರು ಎದ್ದು ಬರುವವರೆಗೆ ಮೇಡಂ ಕಾದರು. "ರಿಟರ್ನ್ ಹಾಕಿದ್ದೀರಾ?"

"ಇಲ್ಲ ಮೇಡಂ, ನಾವು ಯಾವತ್ತೂ ಹಾಕಿದವರಲ್ಲ. ಗಿರಾಕಿಗಳು ಹಾಕಿದ್ದಾರೆ. ಬೆಕ್ಕಿನ ಮನೆಯವರು ಒಬ್ಬರು..."

ಮೇಡಂ ಪೆನ್ನು ಕೆಳಗಿಟ್ಟರು. "ನಿಮ್ಮನ್ನ ಯಾಕೆ ಕರೆಸಿದ್ದೀವಿ ಗೊತ್ತಾ?"

"ಗೊತ್ತು ಮೇಡಂ. ದಾಖಲೆ."

"ಹಾಂ. ಎಲ್ಲಿ ಅದು?"

ಕಾಲುಚೀಲದವರು ಹಿಂದೆ ನಿಂತವರ ಕಡೆ ನೋಡಿದರು. ಅವರೆಲ್ಲ ಇವರ ಕಡೆ ನೋಡಿದರು. "ನಾವು ತರಬೇಕಿತ್ತಾ ಮೇಡಂ?" ಎಂದರು ಮೆಲ್ಲಗೆ. "ನೀವು ಕೊಡ್ತೀರಿ ಅಂದ್ಕೊಂಡಿದ್ವಿ."

ಮೇಡಂ ಒಬ್ಬೊಬ್ಬರನ್ನೇ ನೋಡಿದರು: ಕೋಟು, ಹೊಸ ಶರ್ಟು, ಮೇಷ್ಟ್ರ ಮುಖದಲ್ಲಿ ಮೆಲ್ಲಗೆ ಇಳಿಯುತ್ತಿದ್ದ ಹೆಮ್ಮೆ. ಅವರಿಗೆ ಅರ್ಥವಾಗತೊಡಗಿತು. ನಗಲಿಲ್ಲ. ಆ ಕುರ್ಚಿಯಲ್ಲಿ ಕೂತವರು ನಗು ತಡೆಯುವುದರಲ್ಲಿ ಪಳಗಿರುತ್ತಾರೆ.

"ದಾಖಲೆ ಅಂದ್ರೆ ಬಿಲ್ಲು, ರಸೀದಿ, ಲೆಕ್ಕ" ಎಂದರು. "ನೀವು ಮಾರಿದ್ದನ್ನೆಲ್ಲ ಆನ್‌ಲೈನ್ ಅಂಗಡಿಯವರು ನಮಗೆ ತಿಳಿಸ್ತಾರೆ. ಇದು ಗಿರಾಕಿಗಳು ಕೊಟ್ಟ ಒಟ್ಟು ಹಣ." ಕಾಗದ ತಿರುಗಿಸಿ ಒಂದು ಸಂಖ್ಯೆ ತೋರಿಸಿದರು. "ವಾಪಸು ಬಂದಿದ್ದೂ ಇದರಲ್ಲೇ ಸೇರಿದೆ. ನೀವು ರಿಟರ್ನ್ ಹಾಕಿಲ್ಲ, ಅಂದ್ರೆ ನಿಮ್ಮ ಆದಾಯ ಇಷ್ಟು ಅಂತ ನಮಗೆ ವರದಿ ಕೊಟ್ಟಿಲ್ಲ. ಖರ್ಚಿಗೆ ಪುರಾವೆ ಇಲ್ಲದಿದ್ರೆ ಇಷ್ಟೂ ಹಣ ನಿಮ್ಮ ಲಾಭ ಅಂತ ಹಿಡಿದು ತೆರಿಗೆ ಹಾಕಬೇಕಾಗುತ್ತೆ."

ಆ ತೆರಿಗೆ ಎಷ್ಟಾಗುತ್ತದೆ ಎಂದು ಕಾಗದದ ಅಂಚಿನಲ್ಲಿ ಬರೆದರು. ಕಾಲುಚೀಲದವರಿಗೆ ಆ ಸಂಖ್ಯೆಯ ಪರಿಚಯವಿತ್ತು. ಯಂತ್ರದ ಅಂಗಡಿಯಲ್ಲಿ, ಹೆಣೆಯುವ ಯಂತ್ರಕ್ಕೆ ಕಟ್ಟಿದ್ದ ಚೀಟಿಯ ಮೇಲೆ ಹೆಚ್ಚು ಕಡಿಮೆ ಅದೇ ಇತ್ತು. ತಿರುಗಿ ಅತ್ತೆಯನ್ನು ನೋಡಿದರು. ಅತ್ತೆ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಿದ್ದರು.

"ನಾನು ಅವತ್ತೇ ಅಂದ್ಕೊಂಡೆ" ಎಂದರು ಮೇಷ್ಟ್ರು ಟೈಲರಿನ ಕಿವಿಯಲ್ಲಿ. "'ತಕ್ಕದ್ದು' ಅನ್ನೋ ಪದ ನನಗೆ ಹಿಡಿಸಿರಲಿಲ್ಲ."

ಮೇಡಂ ಕೇಳಿದರು: "ಕೈಯಲ್ಲಿ ಅಷ್ಟೊಂದು ಕಾಗದ ಏನದು?"

"ಏನಿಲ್ಲ ಮೇಡಂ. ಭಾಷಣ."

"ಎಂಥ ಭಾಷಣ?"

"ವಂದನಾರ್ಪಣೆ. ಫೋನಿನಲ್ಲಿ ಬರ್ಕೊಂಡು ಬನ್ನಿ ಅಂದಿದ್ರು."

"ಓದಿ."

"ಈಗ ಯಾಕೆ ಬಿಡಿ ಮೇಡಂ."

"ಓದ್ರೀ."

ಕಾಲುಚೀಲದವರು ಗಂಟಲು ಸರಿಮಾಡಿಕೊಂಡರು. "ಮಾನ್ಯರೇ. ಮೆಟ್ಟಿಲ ಕೆಳಗಿನ ಕೋಣೆಯನ್ನು ಬಾಡಿಗೆಗೆ ದಯಪಾಲಿಸಿ, ಆ ಬಾಡಿಗೆಯನ್ನು ಪ್ರತಿ ತಿಂಗಳೂ ತಾವೇ ಖುದ್ದಾಗಿ ಇಳಿದು ಬಂದು ನಗದಾಗಿ ಸ್ವೀಕರಿಸುವ ಸರಳತೆ ಮೆರೆದ, ರಸೀದಿಯಂಥ ಆಡಂಬರಗಳಿಗೆ ಎಂದೂ ಆಸೆಪಡದ ನಮ್ಮ ಮನೆಯ ಮಾಲೀಕರಿಗೆ..." ಇಲ್ಲಿ ಬಾಡಿಗೆ ಎಷ್ಟು, ಯಾವ ತಿಂಗಳಿಂದ ಎಷ್ಟಕ್ಕೆ ಏರಿತು ಎಂಬುದೆಲ್ಲ ಇತ್ತು.

ಮೇಡಂ ಪೆನ್ನು ಕೈಗೆ ತೆಗೆದುಕೊಂಡರು. "ನಿಲ್ಲಿ. ಇನ್ನೊಂದು ಸಲ ಓದಿ. ಆ ಮಾಲೀಕರು ಯಾರು?"

ಭಾಷಣದಲ್ಲಿ ತಮ್ಮ ಹೆಸರು ಬರುವಾಗ ಒಂದು ಹೆಜ್ಜೆ ಮುಂದೆ ಬಂದು ನಿಲ್ಲಬೇಕೆಂದು ವಾರದಿಂದ ಅಭ್ಯಾಸ ಮಾಡಿದ್ದ ಮಾಲೀಕರು ಒಂದು ಹೆಜ್ಜೆ ಹಿಂದಕ್ಕೆ ಹೋದರು. "ಅದೇನೂ ದೊಡ್ಡ ವಿಷಯ ಅಲ್ಲ ಮೇಡಂ" ಎಂದರು. "ಕೋಣೆ ಅಂತ ಅನ್ನೋಕೂ ಆಗಲ್ಲ. ಬಾಗಿಲಿರೋ ಗೋಡೆ ಅಷ್ಟೆ. ನನ್ನ ಹೆಸರು ಭಾಷಣದಲ್ಲಿ ಬೇಡ ಅಂತ ನಾನು ಮೊದಲಿಂದಲೂ ಹೇಳ್ತಾನೇ ಇದ್ದೆ."

"ಬಾಡಿಗೆ ನಿಮ್ಮ ಲೆಕ್ಕದಲ್ಲಿ ತೋರಿಸಿದ್ದೀರಾ?"

"ಎಲ್ಲಿ ತೋರಿಸೋದು?"

"ನಾನು ಹೇಳ್ತೀನಿ ಎಲ್ಲಿ ಅಂತ. ಆಮೇಲೆ ಇರಿ" ಎಂದು ಮೇಡಂ ಬರೆದುಕೊಂಡರು. "ಮುಂದೆ?"

"ಉಣ್ಣೆ, ಮೇಡಂ. ಗಿರಣಿಯಿಂದ ಕಷ್ಟಪಟ್ಟು ಉಣ್ಣೆ ತಂದು, ಮೂಟೆಗೆ ಗಿರಣಿಯ ಬಿಲ್ಲಿಗಿಂತ ಕೊಂಚವೇ ಹೆಚ್ಚು ತೆಗೆದುಕೊಂಡ ನನ್ನ ಪ್ರೀತಿಯ ಭಾವಮೈದುನನಿಗೆ..."

ಹೆಂಡತಿ ನಿಧಾನವಾಗಿ ತಮ್ಮನ ಕಡೆ ತಿರುಗಿದಳು. "ಗಿರಣಿ ರೇಟಿಗೇ ಕೊಡ್ತಿದ್ದೀನಿ ಅಕ್ಕ, ಒಂದು ಕಾಸೂ ಮುಟ್ಟಲ್ಲ ಅಂತಿದ್ದೆ?"

"ಬಿಲ್ಲು ಮೂಟೆಯಲ್ಲೇ ಇತ್ತು ಕಣಪ್ಪ" ಎಂದರು ಕಾಲುಚೀಲದವರು, ಅವನ ಪರ ವಹಿಸುವವರಂತೆ. "ಹೆಚ್ಚಿಗೆ ತಗೊಂಡಿದ್ದು ವ್ಯಾನಿನ ಬಾಡಿಗೆಗೆ ಅಂದ್ಕೊಂಡಿದ್ದೆ ನಾನು."

"ಭಾವ, ಆ ಪುಟ ಬಿಟ್ಟು ಮುಂದಿನದು ಓದಿ."

"ಬಿಡೋ ಹಾಗಿಲ್ಲ" ಎಂದರು ಮೇಡಂ. "ಗಿರಣಿಯ ಬಿಲ್ಲು ಇದೆಯಾ?"

"ಹಿಂದೆ ಲಗತ್ತಿಸಿದ್ದೀನಿ ಮೇಡಂ. ಎಲ್ಲದಕ್ಕೂ ಲಗತ್ತಿಸಿದ್ದೀನಿ. ಯಾರಾದ್ರೂ ಕೇಳಿದ್ರೆ ಅಂತ."

ಹೆಂಡತಿ ತಮ್ಮನನ್ನು ಬಿಟ್ಟು ಗಂಡನ ಕಡೆ ತಿರುಗಿದಳು.

ಟೈಲರಿನ ಸರದಿ ಬಂದಾಗ ಅವನು ಬಾಗಿಲ ಬಳಿ ಇದ್ದ. "ಸ್ವಾಮಿ, ನನ್ನನ್ನ 'ಮತ್ತು ಇತರರು' ಒಳಗೆ ಹಾಕಿ" ಎಂದು ಅಲ್ಲಿಂದಲೇ ಬೇಡಿಕೊಂಡ. "ಜಿಪ್ ಪುಕ್ಕಟೆ ಹಾಕಿಕೊಡ್ತೀನಿ." ಆದರೆ ಅಂಗಾಲೊಂದಕ್ಕೆ ಎಷ್ಟು, ಒಟ್ಟು ಎಷ್ಟು ಅಂಗಾಲು ಎಂಬುದು ಓದಿ ಆಗಿಹೋಗಿತ್ತು. ಮೇಷ್ಟ್ರ ಪುಟ ಬರುವ ಹೊತ್ತಿಗೆ ಮೇಷ್ಟ್ರು ಕಿಟಕಿಯಾಚೆ ಏನನ್ನೋ ಗಂಭೀರವಾಗಿ ನೋಡುತ್ತಿದ್ದರು. ವರ್ಣನೆಯೊಂದಕ್ಕೆ ಅವರು ಪಡೆದ ಗೌರವಧನವನ್ನು ಅವರದೇ ಕೈಬರಹದ ಪುಟದ ಅಡಿಯಲ್ಲಿ ಕಾಲುಚೀಲದವರು ಸಣ್ಣಕ್ಷರದಲ್ಲಿ ಸೇರಿಸಿದ್ದರು.

"ಗೌರವಧನವೂ ಆದಾಯವಾ ಮೇಡಂ?" ಎಂದು ಕೇಳಿದರು ಮೇಷ್ಟ್ರು. "ಅದರಲ್ಲಿ ಗೌರವದ ಪಾಲೇ ಜಾಸ್ತಿ."

"ಧನದ ಪಾಲು ಎಷ್ಟೋ ಅಷ್ಟು ಬರ್ಕೋತೀನಿ" ಎಂದರು ಮೇಡಂ.

ಭಾಷಣ ಮುಗಿಯುವ ಹೊತ್ತಿಗೆ ಮೇಡಂ ಎದುರಿನ ಹಾಳೆ ತುಂಬಿತ್ತು. ಕೊರಿಯರ್ ಖರ್ಚು, ರಟ್ಟಿನ ಡಬ್ಬ, ಅಂಟು ಟೇಪು, ಬೆಕ್ಕಿನ ಮನೆಯವರಿಗೆ ವಾಪಸು ಕೊಟ್ಟ ಹಣ. ಅವರಿಗೂ 'ಸದಾ ಸ್ಪಷ್ಟವಾಗಿ ಅಭಿಪ್ರಾಯ ತಿಳಿಸಿದ್ದಕ್ಕೆ' ಕೃತಜ್ಞತೆ ಸಂದಿತ್ತು. ಮೇಡಂ ಕೂಡಿದರು, ಕಳೆದರು, ಲಗತ್ತಿಸಿದ ರಸೀದಿಗಳನ್ನು ತಿರುವಿ ಹಾಕಿದರು. ಕೊನೆಗೆ ಮೇಡಂ, "ಒಂದು ತಪ್ಪಿದೆ" ಎಂದರು.

"ತಪ್ಪಾಯ್ತು ಮೇಡಂ" ಎಂದರು ಕಾಲುಚೀಲದವರು ತಕ್ಷಣ.

"ಯಾವುದು ಅಂತ ಕೇಳಿ ಮೊದಲು. ಉಣ್ಣೆ ಇದೆ, ಅಂಗಾಲಿದೆ, ಕೋಣೆ ಇದೆ, ವರ್ಣನೆ ಇದೆ. ಇದನ್ನ ಹೆಣೆದವರು ಯಾರು? ಉಣ್ಣೆ ತಾನೇ ಹೆಣೆದುಕೊಂಡು ಕಾಲುಚೀಲ ಆಯ್ತಾ?"

ತಮ್ಮ ಹೆಸರು ತೆಗೆಯಿರಿ ಎಂದು ಇಷ್ಟು ಹೊತ್ತು ಗೋಗರೆದವರೆಲ್ಲ ನೆಲ ನೋಡತೊಡಗಿದರು. ಕಾಲುಚೀಲದವರು ಕಾಗದಗಳನ್ನು ಒಂದೊಂದಾಗಿ ತಿರುವಿದರು. ಇಲ್ಲದ ಹೆಸರನ್ನು ಹುಡುಕುವವರ ಹಾಗೆ ಕೊನೆಯ ಹಾಳೆಯ ಹಿಂಬದಿಯನ್ನೂ ನೋಡಿದರು. ಅವರ ಕಿವಿ ಕೆಂಪಾಯಿತು.

ಆಗ ಅತ್ತೆ ಹಿಂದಿನಿಂದ ಬಂದು, ಅಳಿಯನನ್ನು ಮೊಣಕೈಯಿಂದ ಬದಿಗೆ ಸರಿಸಿ, ಮೇಡಂ ಎದುರಿನ ಕುರ್ಚಿಯಲ್ಲಿ ಕೂತರು. ಕುರ್ಚಿ ಮತ್ತೆ ಕಿರ್ರೆಂದಿತು.

"ನಾನು" ಎಂದರು. "ನನ್ನ ಹೆಸರು ಬರ್ಕೊಳ್ಳಿ. ದೊಡ್ಡದಾಗಿ ಬರ್ಕೊಳ್ಳಿ."

"ನಿಮಗೆ ಎಷ್ಟು ಕೊಟ್ಟಿದ್ದಾರಮ್ಮ?"

"ಏನೂ ಇಲ್ಲ. ಕಾಫಿ ಕೊಟ್ಟಿದ್ದಾರೆ."

"ಕೊಡದೇ ಇದ್ದಿದ್ದನ್ನ ಖರ್ಚು ಅಂತ ಸೇರಿಸೋಕೆ ಬರಲ್ಲಮ್ಮ."

"ಗೊತ್ತಾಯ್ತು. ಮುಂದಿನ ವರ್ಷ ಸೇರಿಸೋಕೆ ಎಷ್ಟು ಕೊಡಬೇಕು ಅಂತ ಇವರಿಗೆ ಸ್ವಲ್ಪ ಹೇಳಿ."

ಮೇಡಂ ತುಟಿ ಒಂದು ಕ್ಷಣ ಹಿಡಿತ ತಪ್ಪಿತು. ಕಡತವನ್ನು ಮುಖದ ಎತ್ತರಕ್ಕೆ ಎತ್ತಿಕೊಂಡು ಏನನ್ನೋ ಓದಿದಂತೆ ಮಾಡಿದರು. ಕಡತ ಇಳಿದಾಗ ಮುಖ ಮೊದಲಿನಂತಾಗಿತ್ತು. ಖರ್ಚೆಲ್ಲ ಕಳೆದರೆ ಉಳಿಯುವ ಲಾಭ ಚಿಕ್ಕದು ಎಂದರು. ಅದಕ್ಕೆ ತೆರಿಗೆ ಇನ್ನೂ ಚಿಕ್ಕದು. ರಿಟರ್ನ್ ತಡವಾದದ್ದಕ್ಕೆ ಒಂದಿಷ್ಟು ದಂಡ. ಎಲ್ಲ ಸೇರಿ ಅವರು ಬರೆದ ಹೊಸ ಮೊತ್ತವನ್ನು ಅಂಗಡಿಯ ಒಂದು ತಿಂಗಳ ಸಂಬಳದಲ್ಲೇ ಕಟ್ಟಬಹುದಿತ್ತು. ಬ್ಯಾಂಕಿನ ಹಣ ಮುಟ್ಟಬೇಕಾಗಿರಲಿಲ್ಲ. ಕಾಲುಚೀಲದವರು ಆ ಸಂಖ್ಯೆಯನ್ನು ಓದಿ, ಸೊನ್ನೆಗಳನ್ನು ಬೆರಳಿಟ್ಟು ಎಣಿಸಿ, ಹೆಂಡತಿಗೆ ಎಣಿಸಲು ಕೊಟ್ಟರು.

"ಇನ್ಮೇಲೆ ಪ್ರತಿ ತಿಂಗಳೂ ಬರೆದಿಡಿ. ವರ್ಷಕ್ಕೊಂದು ಸಲ ಭಾಷಣ ಬರೆಯೋದಲ್ಲ" ಎಂದರು ಮೇಡಂ. ಭಾಷಣವನ್ನು ರಸೀದಿಗಳ ಸಮೇತ ಕಡತಕ್ಕೆ ಸೇರಿಸಿ ದಾರ ಕಟ್ಟಿದರು. "ನನ್ನ ಸರ್ವೀಸಿನಲ್ಲಿ ಲೆಕ್ಕಪತ್ರ ಅಂತ ಏನೇನೋ ನೋಡಿದ್ದೀನಿ. ವಂದನಾರ್ಪಣೆಯಲ್ಲಿ ಲೆಕ್ಕ ಒಪ್ಪಿಸಿದವರು ನೀವೊಬ್ಬರೇ. ಇದು ದಾಖಲೆ."

ಕಾಲುಚೀಲದವರು ಬೆಚ್ಚಿದರು. "ಯಾವ ದಾಖಲೆ ಮೇಡಂ? ನಾವು ತರಬೇಕಾದ್ದಾ, ನೀವು ಕೊಡಬೇಕಾದ್ದಾ?"

"ಮನೆಗೆ ಹೋಗಿ."

ಹೊರಗೆ ಬಂದಾಗ ಮೇಷ್ಟ್ರ ಎದೆ ಮತ್ತೆ ಉಬ್ಬಿತ್ತು. "ನಾನು ಹೇಳಲಿಲ್ವಾ, ಪತ್ರದಲ್ಲಿ ದಾಖಲೆ ಅಂತಲೇ ಇತ್ತು" ಎನ್ನುತ್ತ ಹೂಗುಚ್ಛ ಹುಡುಕಿದರು. ಅಟೆಂಡರ್ ಅದನ್ನು ನೀರಿನ ಜಗ್ಗಿನಲ್ಲಿ ಇಟ್ಟುಬಿಟ್ಟಿದ್ದ. ಮಾಲೀಕರು ಇನ್ನೂ ಒಳಗಿದ್ದರು. ಎಲ್ಲಿ ತೋರಿಸಬೇಕು ಎಂಬುದನ್ನು ಮೇಡಂ ಅವರಿಗೆ ಹೇಳಿಕೊಡುತ್ತಿದ್ದರು. ಭಾವಮೈದುನ ಅಕ್ಕನ ಪಕ್ಕ ಕೂರುವುದಕ್ಕಿಂತ ನಡೆದು ಹೋಗುವುದು ಆರೋಗ್ಯಕ್ಕೆ ಒಳ್ಳೆಯದು ಎಂದು ಹೊರಟುಹೋದ.

ವ್ಯಾನಿನಲ್ಲಿ ಕಾಲುಚೀಲದವರು ಅತ್ತೆಯ ಎದುರು ಕೂತರು. ಅತ್ತೆಯ ಮುಖ ನೋಡುವ ಧೈರ್ಯವಾಗದೆ ಕೈಗಳನ್ನು ನೋಡಿದರು. ಆ ಬೆರಳುಗಳ ಊತ ನೋಡಿದ ಮೇಲೆ ಮುಖ ನೋಡುವುದೇ ಸುಲಭವೆನಿಸಿತು.

"ನಾಳೇನೇ ಹೋಗಿ ಯಂತ್ರ ತಂದುಬಿಡೋಣ ಅತ್ತೆ."

"ತನ್ನಿ. ಅದನ್ನ ನಡೆಸೋದು ಯಾರು?"

"ನೀವೇ."

"ಸಂಬಳ?"

ಕಾಲುಚೀಲದವರು ಹೆಂಡತಿಯನ್ನು ನೋಡಿದರು. ಹೆಂಡತಿ ಕಿಟಕಿಯಾಚೆ ನೋಡುತ್ತ, "ನನ್ನ ಕಡೆ ಏನು ನೋಡ್ತೀರಾ, ಪ್ಯಾಕ್ ಮಾಡೋಳಿಗೂ ಒಂದು ಪುಟ ಬೇಕು, ಹೇಳಿರ್ತೀನಿ" ಎಂದಳು.

ಕಾಲುಚೀಲದವರು ಜೇಬಿನಿಂದ ಪೆನ್ನು ತೆಗೆದರು. ಇನ್ನೊಂದು ಜೇಬಿನಲ್ಲಿ, ಮೇಡಂ ತೆಗೆದುಕೊಳ್ಳದ ಕಾಲುಚೀಲಗಳ ಜೊತೆಗೆ, ಒಂದು ಖಾಲಿ ಹಾಳೆ ಸಿಕ್ಕಿತು. ಅದನ್ನು ತೊಡೆಯ ಮೇಲೆ ಹರಡಿ, ವ್ಯಾನಿನ ಕುಲುಕಾಟದಲ್ಲೂ ಅಕ್ಷರ ಕೆಡದಂತೆ ಬರೆಯತೊಡಗಿದರು: 'ಈ ವ್ಯಾಪಾರದ ಮೊದಲ ಮಾತನ್ನು ಆಡಿದ, ಪರಮ ಪೂಜ್ಯರೂ, ತಾಯಿಯ ಸಮಾನರೂ ಆದ ನಮ್ಮ ಅತ್ತೆಯವರಿಗೆ...'

ಅತ್ತೆ ಬಗ್ಗಿ ಓದಿದರು. ಊದಿದ ಬೆರಳೊಂದನ್ನು ಹಾಳೆಯ ಮೇಲಿಟ್ಟರು.

"ಪೂಜ್ಯ ಇರಲಿ" ಎಂದರು. "ಮೊತ್ತ ಬರೀರಿ."